ಹತ್ತು ಗಂಟೆಯ ಆರಾಧನೆ

ಮೇ 30, ಮಂಗಳವಾರ

ರೋಗಿಗಳ ಜೊತೆ ಪ್ರಾರ್ಥಿಸುತ್ತಾ ಆಸ್ಪತ್ರೆಯ ಸುತ್ತು ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಮೂಳೆ ವಾರ್ಡಿನ ಅಜ್ಜ ಇವತ್ತೂ ನನ್ನನ್ನು ನರ್ಸ್ ಅಂದುಕೊಂಡು ದಿಂಬು ಸರಿ ಮಾಡಿಸಿಕೊಂಡರು. ಆಮೇಲೆ ಕುತ್ತಿಗೆಯ ಬಿಳಿ ಕಾಲರ್ ಕಣ್ಣಿಗೆ ಬಿತ್ತು. ಪಾದ್ರಿಯಾ ಅಂತ ಕೇಳಿದರು. ಶನಿವಾರದಿಂದ, ಅಂದೆ. ಹೇಳುವಾಗ ನನಗೇ ಮೈ ಜುಮ್ಮೆಂದಿತು.

ಇಷ್ಟು ವರ್ಷ ಬರೀ ಡೀಕನ್, ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗೆ. ಪ್ರಸಂಗ ಮಾಡಬಹುದು, ಮಗುವಿಗೆ ಹೆಸರಿಡಬಹುದು, ಸತ್ತವರನ್ನು ಮಣ್ಣು ಮಾಡಬಹುದು. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸದ ಮುಂದೆ ನಿಂತು ಪ್ರಾರ್ಥಿಸುವ ಹಾಗಿಲ್ಲ — ಅದು ಗಂಡಸರ ಕೆಲಸ. ಕಳೆದ ವರ್ಷ ನಿಯಮ ಬದಲಾಯಿತು. ನಮ್ಮ ಡಯೋಸಿಸ್‌ನಲ್ಲಿ, ಬಿಷಪ್ಪರ ಕೆಳಗಿನ ಇಷ್ಟೂ ಚರ್ಚುಗಳಲ್ಲಿ, ನಾನೇ ಮೊದಲನೆಯವಳು.

ಮಾವ ದೀಕ್ಷೆಗೆ ಬರುವುದಿಲ್ಲ. ಅಮ್ಮನ ತಮ್ಮ, ಅಮ್ಮ ಹೋದ ಮೇಲೆ ಅತ್ತೆಯ ಜೊತೆ ನನ್ನನ್ನು ಸಾಕಿದವರು, ನಮ್ಮ ಚರ್ಚಿನ ಆರ್ಗನ್ ನುಡಿಸುವವರು. ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ.

"ನಿನ್ನ ಮೇಲೆ ಕೋಪ ಇಲ್ಲ ಕಣಮ್ಮ. ಮನಸ್ಸು ಒಪ್ತಿಲ್ಲ. ಒಪ್ಪಿದೀನಿ ಅಂತ ನಾಟಕ ಆಡಕ್ಕೆ ನನ್ನ ಕೈಲಾಗಲ್ಲ."

ಸರಿ ಮಾವ, ಅಂದೆ. ಮೊಂಡುತನ ನಾನೂ ಆ ಮನೆಯಲ್ಲೇ ಕಲಿತದ್ದು.

ಜೂನ್ 3, ಸಂಜೆ

ಆಯಿತು.

ಮಂಡಿಯೂರಿದೆ. ತಲೆಯ ಮೇಲೆ ಬಿಷಪ್ಪರ ಕೈ. ಅದರ ಮೇಲೆ ಉಳಿದ ಪಾದ್ರಿಗಳ ಕೈ, ಇನ್ನೊಂದು, ಮತ್ತೊಂದು... ಇಷ್ಟು ಭಾರ ಅಂತ ಯಾರೂ ಹೇಳಿರಲಿಲ್ಲ. ಕುತ್ತಿಗೆ ಇನ್ನೂ ಹಿಡಿದುಕೊಂಡಿದೆ. ಇರಲಿ. ಎಂಥ ಚೆಂದದ ನೋವು!

ಎದ್ದು ತಿರುಗಿದಾಗ ಕೊನೆಯ ಬೆಂಚಿನವರೆಗೂ ಜನ. ಹೆಂಗಸರು ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ನಗು ತಡೆಯಲಾಗಲಿಲ್ಲ. ಫೋಟೊದಲ್ಲೆಲ್ಲ ಹಲ್ಲೇ ಹಲ್ಲು.

ಮನೆಯವರು ಬಸ್ ಡಿಪೋದಲ್ಲಿ ರಜೆ ಹಾಕಿ ಬಂದಿದ್ದರು. ಮನೆಗೆ ಬಂದದ್ದೇ ಅವರ ತಕರಾರು — ಪಾದ್ರಿಯ ಹೆಂಡತಿಯನ್ನು ಎಲ್ಲರೂ ಅಮ್ಮನವರು ಅಂತಾರೆ, ಹಾಗಾದರೆ ಪಾದ್ರಿಯ ಗಂಡ ಯಾರು? ಯೋಚಿಸಿ ಹೇಳುತ್ತೇನೆ ಅಂದೆ. ಟೀ ಅವರೇ ಮಾಡಿದರು. ಬರೀ ಸಕ್ಕರೆ. ಕುಡಿದೆ.

ಜೂನ್ 4, ಭಾನುವಾರ

ಹಿರಿಯ ಪಾದ್ರಿ ಜಗಳವಾಗದ ಹಾಗೆ ದಾರಿ ಹುಡುಕಿದ್ದಾರೆ. ಎಂಟರ ಆರಾಧನೆ ಅವರದ್ದು, ಹತ್ತರದ್ದು ನನ್ನದು. ಯಾರಿಗೆ ಯಾವುದು ಬೇಕೋ ಅಲ್ಲಿಗೆ.

ಎಂಟಕ್ಕೆ ಚರ್ಚು ತುಂಬಿತ್ತು. ಹತ್ತಕ್ಕೆ ಬೆಂಚುಗಳೇ ಜಾಸ್ತಿ. ಮಾವ ಎಂಟರದ್ದು ಮುಗಿಸಿ, ಆರ್ಗನ್ ಮುಚ್ಚಿ, ಅತ್ತೆಯ ಕೈ ಹಿಡಿದು ಹೊರಟರು. ಬಾಗಿಲಲ್ಲಿ ಎದುರಾದೆವು. ಊಟ ಆಯಿತಾ ಅಂತ ಕೇಳಿದರು, ಬೆಳಗ್ಗೆ ಬೆಳಗ್ಗೆ! ಅತ್ತೆ ಹೋಗುತ್ತಾ ನನ್ನ ನಿಲುವಂಗಿಯ ತೋಳು ಮುಟ್ಟಿ ನೋಡಿದರು, ಅಂಗಡಿಯಲ್ಲಿ ಬಟ್ಟೆ ನೋಡುವ ಹಾಗೆ.

ಆರ್ಗನ್ ಇಲ್ಲದೆ ಹಾಡಿದೆವು. ರಾಗದಲ್ಲಿ ಮನೆಯವರು ಒಂದು ದಾರಿ, ಸಭೆ ಇನ್ನೊಂದು ದಾರಿ.

ಆದರೆ ರೊಟ್ಟಿ ಎತ್ತಿ ಹಿಡಿದಾಗ ಕೈ ನಡುಗಲಿಲ್ಲ. ಒಂದಿಷ್ಟೂ ಇಲ್ಲ. ಬರೆದಿಟ್ಟಿರುತ್ತೇನೆ.

ಸೆಪ್ಟೆಂಬರ್ 12

ಮೂರು ತಿಂಗಳು ಬರೆಯಲು ಪುರುಸೊತ್ತಾಗಿಲ್ಲ. ಹತ್ತರ ಆರಾಧನೆಗೆ ಈಗ ಪರವಾಗಿಲ್ಲ ಅನ್ನುವಷ್ಟು ಜನ. ಹಾಡು ಮಾತ್ರ ದೇವರೇ ಕೇಳಬೇಕು.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ನನ್ನದೇ ವಾರ್ಡು. ನಾಳೆ ಆಪರೇಷನ್. ರೊಟ್ಟಿ, ದ್ರಾಕ್ಷಾರಸ ಕೊಡಲು ಹಿರಿಯ ಪಾದ್ರಿಗೆ ಹೇಳಿ ಕಳಿಸಲೇ ಅಂತ ಕೇಳಿದೆ. ಮಾವ ಹೂಂ ಅಂದರು. ಅತ್ತೆ ಉಹೂಂ ಅಂದರು. ಅವರ ಬಾಯಲ್ಲಿ ಅಂಥದ್ದು ಕೇಳಿದ್ದು ಇದೇ ಮೊದಲು.

"ಮನೇಲಿ ಮನಸ್ತಾಪ ಬೇಡ ಅಂತ ಇವರ ಜೊತೆ ಎಂಟಕ್ಕೇ ಹೋದೆ. ನಾಳೆ ಏನಾಗತ್ತೋ. ಇವತ್ತು ನನಗೆ ನೀನೇ ಕೊಡಬೇಕು."

ಮಾತ್ರೆಯ ತಟ್ಟೆ ಸರಿಸಿ, ಮಂಚದ ಪಕ್ಕದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದೆ. ಮಾವ ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ, ಕಿಟಕಿಗೆ ಮುಖ ಮಾಡಿ ನಿಂತರು. ರೊಟ್ಟಿ ಕೊಟ್ಟೆ. ಬಟ್ಟಲು ಹಿಡಿದೆ. ಮಲಗಿದವರಿಗೆ ಕುಡಿಯಲಾಗುತ್ತಿಲ್ಲ. ತುಟಿಯಿಂದ ಜಾರಿತು. ಆಗ ಮಾವ ಬಂದು, ಅತ್ತೆಯ ತಲೆಯ ಕೆಳಗೆ ಅಂಗೈ ಕೊಟ್ಟು ಎತ್ತಿ ಹಿಡಿದರು, ಕುಡಿದು ಮುಗಿಸುವ ತನಕ. ನನ್ನತ್ತ ನೋಡಲಿಲ್ಲ.

ಅತ್ತೆಯ ಬಗ್ಗೆ ಎಷ್ಟು ಹೆಮ್ಮೆಯಾಯಿತೆಂದರೆ...

ಅಕ್ಟೋಬರ್ 29, ಭಾನುವಾರ

ಅತ್ತೆ ವಾಕರ್ ಹಿಡಿದು ಹತ್ತರ ಆರಾಧನೆಗೆ ಬಂದರು! ಮುಂದಿನ ಬೆಂಚೇ ಬೇಕಂತೆ. ಕರೆತಂದ ಮಾವ ಹೊರಗೆ ಮೆಟ್ಟಿಲ ಮೇಲೆ ಕೂತರು, ಪೇಪರ್ ಬಿಡಿಸಿಕೊಂಡು.

ಎರಡನೆಯ ಹಾಡಿನ ಹೊತ್ತಿಗೆ ಸಭೆ ಎತ್ತಲೋ ಹೊರಟುಹೋಗಿತ್ತು. ಬಾಗಿಲಲ್ಲಿ ಚಪ್ಪಲಿ ಸದ್ದು. ಮಾವ ಗೋಡೆ ಬದಿಯಿಂದ ನಡೆದು ಬಂದು, ಆರ್ಗನ್ ತೆರೆದು, ನಮ್ಮನ್ನೆಲ್ಲ ಕಿವಿ ಹಿಡಿದು ದಾರಿಗೆ ತಂದರು. ರೊಟ್ಟಿ ತೆಗೆದುಕೊಳ್ಳಲು ಏಳಲಿಲ್ಲ. ಆಮೇಲೆ ಥ್ಯಾಂಕ್ಸ್ ಮಾವ ಅಂದರೆ, ನಿನಗೋಸ್ಕರ ಅಲ್ಲ, ಹಾಡಿನ ಸಂಕಟ ನೋಡಲಾಗದೆ ಬಂದೆ ಅಂದರು. ಅತ್ತೆ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ನವೆಂಬರ್ 26, ಭಾನುವಾರ, ಮಧ್ಯಾಹ್ನ

ಈಗಲೇ ಬರೆಯಬೇಕು. ನಿಲುವಂಗಿ ಕೂಡ ಬಿಚ್ಚಿಲ್ಲ.

ಕೊನೆಯವರಿಗೂ ಕೊಟ್ಟಾಗಿತ್ತು. ಬಟ್ಟಲು ವೇದಿಯ ಮೇಲಿಟ್ಟು ತಿರುಗುತ್ತೇನೆ — ಸಭೆ ಮಂಡಿಯೂರುವ ಕಟಕಟೆಯ ಬಳಿ ಮಾವ. ಎದೆಯ ಮೇಲೆ ಕೈ ಕಟ್ಟಿಕೊಂಡು. ರೊಟ್ಟಿ ಬೇಡ, ಆಶೀರ್ವಾದ ಸಾಕು ಅನ್ನುವವರು ಹಾಗೆ ಬರುತ್ತಾರೆ. ಚಿಕ್ಕ ಮಕ್ಕಳು, ಹೊರಗಿನವರು. ಮಾವ, ಆರ್ಗನ್ ಬಿಟ್ಟು ಇಳಿದು ಬಂದು, ಹಾಗೆ.

ಮಂಡಿಯೂರಿದರು. ಮೂಳೆ ಲಟಕ್ ಅಂದದ್ದು ನನಗೇ ಕೇಳಿಸಿತು.

ಹೇಗೆ ಕೈ ಇಡಲಿ? ಸ್ಕೂಲಿಗೆ ಹೊರಟಾಗ, ಮದುವೆಯಾಗಿ ಹೊರಟಾಗ, ನನ್ನ ತಲೆ ಮುಟ್ಟಿ ಹರಸಿದ ಕೈ ಅವರದ್ದು. ಆದರೂ ಇಟ್ಟೆ. ಬೋಳು ತಲೆ ಬೆಚ್ಚಗಿತ್ತು. ಆಶೀರ್ವಾದದ ಮಾತು ಏನೋ ಗೊಣಗಿದೆ.

ಮಾವ ತಲೆ ಎತ್ತಲಿಲ್ಲ.

"ಗಟ್ಟಿಯಾಗಿ ಹೇಳಮ್ಮ. ನೀನು ಪಾದ್ರಿ."

ಹೇಳಿದೆ. ಹಿಂದಿನ ಬೆಂಚಿನವರಿಗೂ ಕೇಳಿಸುವ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದೆ. ಇಡೀ ಸಭೆ ಆಮೆನ್ ಅಂದಿತು. ಅದರಲ್ಲಿ ಎಲ್ಲರಿಗಿಂತ ಮೇಲೆ ಕೇಳಿದ ದನಿ ಮಾವನದ್ದು.