ಖಾಲಿ ಕೊಡ ಹಿಡಿದು ನಿಂತ ನಮ್ಮವ್ವ

ನಿರಂಜನ್,

"ಪ್ರೀತಿಯ" ಎಂದು ಬರೆಯಲು ಕೈ ಬರಲಿಲ್ಲ. ಕ್ಷೇಮವೇ ಎಂದೂ ಕೇಳುವುದಿಲ್ಲ. ನೀನು ಚೆನ್ನಾಗಿದ್ದೀಯ ಅಂತ ನಿನ್ನ ಫೋಟೊ ಹಾಕಿದ ಫ್ಲೆಕ್ಸೇ ಹೇಳುತ್ತಿದೆ. ಬಸ್ ನಿಲ್ದಾಣದ ಎದುರು ಅದನ್ನು ಇನ್ನೂ ಇಳಿಸಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಪೂರ್ತಿ ಓದು. ಅರ್ಧಕ್ಕೆ ಮಡಚಿಟ್ಟರೆ ಚಿತ್ರದುರ್ಗಕ್ಕೆ ಬಸ್ಸು ಹತ್ತಿ ಬಂದು ನಿನ್ನ ಸ್ಟುಡಿಯೋ ಬಾಗಿಲಲ್ಲಿ ನಿಂತು ಓದಿ ಹೇಳುತ್ತೇನೆ. ಹೈಸ್ಕೂಲು ಮೇಷ್ಟ್ರಮ್ಮನ ಗಂಟಲು ಎಂಥದ್ದು ಅಂತ ಬೀದಿಗೆಲ್ಲ ಗೊತ್ತಾಗಲಿ.

ನಮ್ಮೂರಿಗೆ ಇರುವುದೇ ಮೂರು ದಾರಿ, ಹಿರಿಯೂರಿನದು, ಹೊಳಲ್ಕೆರೆಯದು, ಹೊಸದುರ್ಗದ್ದು. ಮೂರರ ಬಾಗಿಲಲ್ಲೂ ಒಂದೊಂದು ಕಲಾಕೃತಿ ನಿಲ್ಲಿಸಬೇಕು ಅಂತ ಸಮುದಾಯ ಭವನದಲ್ಲಿ ಸಭೆ ಸೇರಿದ ದಿನ ನಾನೂ ಕೊನೆಯ ಸಾಲಲ್ಲಿ ಕೂತಿದ್ದೆ. ಕೋಟೆ ಬಾಗಿಲಿನ ನಕಲು ಮಾಡಿ ಅಂದವರಿದ್ದರು, ದೊಡ್ಡ ತೆಂಗಿನಕಾಯಿ ಇಡಿ ಅಂದವರಿದ್ದರು, ಟಗರು ಬೇಕೇ ಬೇಕು ಅಂತ ಕುರ್ಚಿ ಎಳೆದಾಡಿದವರಿದ್ದರು. ಎಲ್ಲ ಗಲಾಟೆ ಮುಗಿದ ಮೇಲೆ ನೀನು ಎದ್ದು ನಿಂತು ಹೊಸದುರ್ಗದ ದಾರಿಗೆ ಬರೆದ ಚಿತ್ರ ತೋರಿಸಿದೆ. ಸೊಂಟದ ಮೇಲೆ ಕೊಡ ಹೊತ್ತು, ಊರಿಗೆ ಮುಖ ಮಾಡಿ ಬರುತ್ತಿರುವ ಹೆಂಗಸು. ಓರೆಯಾದ ಕೊಡದಿಂದ ನೀರು ಧಾರೆಯಾಗಿ ಕೆಳಗಿನ ಕಲ್ಲುಬಾನಿಗೆ ಬೀಳುತ್ತಿತ್ತು. ಆ ಮುಖ ಯಾರದು ಅಂತ ಸಭೆಯಲ್ಲಿ ಮೊದಲು ಗುರುತಿಸಿದವಳು ನಾನು. ನಮ್ಮವ್ವ! ಬರಗೇರಮ್ಮ! ಕಣ್ಣಲ್ಲಿ ನೀರು ಬಂದುಬಿಟ್ಟಿತು ಕಣೋ. ಊರೆಲ್ಲ ಚಪ್ಪಾಳೆ ತಟ್ಟಿತು.

ಮನೆಗೆ ಓಡಿ ಬಂದು ಹೇಳಿದರೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ನನ್ ಬೊಂಬೆನಾ? ಹಲ್ಲಿಲ್ಲದ ಬಾಯಿ ಮುಚ್ಚಿ ಮಾಡಾಕೆ ಹೇಳು ಅವನಿಗೆ" ಅಂದಳು. ಆಮೇಲೆ ಮೆಲ್ಲಗೆ, "ಬಾನಿನೂ ಬರೆದವ್ನಾ?" ಅಂತ ಕೇಳಿದಳು. ಬರೆದಿದ್ದಾನೆ ಅಂದೆ. ಅವಳಿಗೆ ಅಷ್ಟು ಸಾಕಾಗಿತ್ತು.

ಆ ಬಾನಿ ಅವಳಿಗೆ ಏನು ಅಂತ ನಿನಗೆ ನಾನು ಹೇಳಿಕೊಡಬೇಕೇ? ಹೊಸದುರ್ಗದ ರಸ್ತೆ ಪಕ್ಕದ ನಮ್ಮ ಮನೆ ಮುಂದೆ, ಬೊಂಬೆ ನಿಲ್ಲಿಸುವ ಜಾಗದಲ್ಲೇ, ನಮ್ಮ ಬೋರಿನ ನೀರನ್ನು ಕೊಡಕೊಡವಾಗಿ ಹೊತ್ತು ಅವಳು ತುಂಬಿಸುತ್ತಿದ್ದ ಬಾನಿ ಅದು. ಯಲ್ಲದಕೆರೆ ಪಾಲಯ್ಯನ ಕುರಿಹಿಂಡು ಅಲ್ಲಿ ಬಾಯಿ ಹಾಕದೆ ಊರು ದಾಟುತ್ತಿರಲಿಲ್ಲ. ನಿಮ್ಮ ಅಂಗಡಿಗೆ ಮೂಟೆ ತರುತ್ತಿದ್ದ ಗಾಡಿಯ ಎತ್ತುಗಳೂ ಅಲ್ಲೇ ಕುಡಿಯುತ್ತಿದ್ದವು. ನೀನೂ ನಾನೂ ಸ್ಕೂಲಿನಿಂದ ಬಂದು ಅದರ ಅಂಚಿನ ಮೇಲೆ ಕೂತು ಕಾಲು ಇಳಿಬಿಟ್ಟು ಬೈಸಿಕೊಂಡದ್ದು ಮರೆತೆಯಾ?

ಅದಕ್ಕಿಂತ ದೊಡ್ಡದೊಂದಿದೆ. ಊರಿನಲ್ಲಿ ಯಾರೇ ಹೆಣ್ಣು ನೋಡಲು ಹೊರಡಲಿ, ಪರೀಕ್ಷೆಗೆ ಹೊರಡಲಿ, ಗಂಗಮ್ಮನಲ್ಲಿ ಪ್ರಸಾದ ಕೇಳಲು ಹಾಲುರಾಮೇಶ್ವರಕ್ಕೆ ಹೊರಡಲಿ, ಮೊದಲು ನಮ್ಮ ಮನೆ ಮುಂದೆ ನಿಂತು ಕೂಗುತ್ತಿದ್ದರು. "ಬರಗೇರಮ್ಮ, ಒಳ್ಳೆ ಕೆಲಸಕ್ಕೆ ಹೊಂಟಿದೀವಿ, ತುಂಬಿದ ಕೊಡ ತಗಂಡು ಒಂದೀಟು ಎದುರಿಗೆ ಬಾರವ್ವ!" ಅವಳು ಬರುತ್ತಿದ್ದಳು. ಹೋಗುವವರು ಕೊಡಕ್ಕೆ ಕಾಸು ಹಾಕಿ, ಕೈಮುಗಿದು ಹೊರಡುತ್ತಿದ್ದರು. ಅಪ್ಪ ತೀರಿಕೊಂಡಾಗ ಅವಳೇ ಬಾಗಿಲು ಹಾಕಿಕೊಂಡಿದ್ದಳು, ಗಂಡ ಸತ್ತವಳು ಇನ್ನು ಯಾರಿಗೂ ಎದುರಾಗಬಾರದು ಅಂತ. ಊರಿನವರು ಹಾಗೆ ಇರಲು ಬಿಡಲಿಲ್ಲ. ಆಗ ಬಾಗಿಲು ಬಡಿದವರಲ್ಲಿ ಮೊದಲನೆಯವನು ನೀನು. ದಾವಣಗೆರೆಗೆ ಚಿತ್ರಕಲೆ ಕಲಿಯಲು ಹೊರಟಿದ್ದೆ. "ನೀನು ಎದುರಿಗೆ ಬರದಿದ್ರೆ ನಾನು ಹೋಗೋದೇ ಇಲ್ಲ ಕಣಮ್ಮ" ಅಂತ ಕಟ್ಟೆ ಮೇಲೆ ಕೂತುಬಿಟ್ಟೆ. ಅವತ್ತು ಅವಳು ಕೊಡ ಹೊತ್ತು ಹೊರಗೆ ಬಂದಳಲ್ಲ, ಅವತ್ತೇ ಅವಳು ಮತ್ತೆ ಊರಿನ ಹೆಂಗಸಾದಳು. ಆ ದಿನಕ್ಕಾಗಿ ನಿನ್ನನ್ನು ಎಷ್ಟು ಮೆಚ್ಚಿಕೊಂಡಿದ್ದೆ ಅಂತ ನಿನಗೆ ಹೇಳಿರಲಿಲ್ಲ. ಮೆಚ್ಚುಗೆಗಿಂತ ಹೆಚ್ಚಿನದೂ ಇತ್ತು, ಅದು ನಿನಗೂ ಗೊತ್ತಿತ್ತು. ನಿಮ್ಮವರು ಒಪ್ಪಲಿಲ್ಲ, ನಮ್ಮವರೂ ಒಪ್ಪಲಿಲ್ಲ, ನೀನು ಸುಮ್ಮನಾದೆ. ಅದಕ್ಕೆ ನಾನು ಯಾವತ್ತೂ ಸಿಟ್ಟು ಮಾಡಿಕೊಂಡವಳಲ್ಲ. ಈ ಸಿಟ್ಟು ಬೇರೆ.

ಮುಂದಿನ ಸಭೆಯಲ್ಲಿ ನಿಮ್ಮ ಸಮಿತಿಯ ಯಜಮಾನ ಕಾಟಲಿಂಗಪ್ಪನವರು ಏನಂದರು ಅಂತ ನೆನಪಿದೆಯಾ? "ಪಂಪು ಗಿಂಪು ಎಲ್ಲ ಬ್ಯಾಡಪ್ಪ, ಕರೆಂಟು ಬಿಲ್ಲು ಯಾರು ಕಟ್ತಾರೆ? ಆ ಬಾನಿನೂ ತೆಗೆಸ್ರಿ, ಗೆಸ್ಟ್‌ಗಳು ಇಳಿಯೋ ಜಾಗದಾಗೆ ಕುರಿ ಹಿಕ್ಕೆ ಚೆನ್ನಾಗಿರಲ್ಲ" ಅಂದರು. ನಾನು ಎದ್ದು ಬೇಡ ಅಂದೆ. "ಮೇಡಂ, ಕೂತ್ಕಳ್ರಿ, ಕಲಾವಿದರೇ ಇಲ್ಲಿದ್ದಾರೆ" ಅಂದರು. ಎಲ್ಲರೂ ನಿನ್ನ ಕಡೆ ತಿರುಗಿದರು. ನಾನೂ ತಿರುಗಿದೆ. ನೀನು ಮೊಬೈಲು ನೋಡುತ್ತ ಗೋಣು ಆಡಿಸಿದೆ. ಆ ಒಂದು ಗೋಣಾಟಕ್ಕೆ ನೀರೂ ಹೋಯಿತು, ಬಾನಿಯೂ ಹೋಯಿತು. ಜೆಸಿಬಿ ಬಂದು ಬಾನಿಯನ್ನು ಎತ್ತಿ ಸಂತೆ ಮೈದಾನದ ಹಿಂದೆ ಒಗೆಯಿತು. ಈಗ ಅದರೊಳಗೆ ಪ್ಲಾಸ್ಟಿಕ್ ತುಂಬಿದೆ.

ಉಳಿದದ್ದೇನು? ಓರೆಯಾದ ಖಾಲಿ ಕೊಡ ಹಿಡಿದ ನಮ್ಮವ್ವ, ಊರಿನಿಂದ ಹೊರಡುವವರಿಗೆಲ್ಲ ನೇರ ಎದುರಾಗಿ. ಬೇರೆ ಕಡೆಯ ಯಾವನೋ ಮಾಡಿದ್ದರೆ ತಿಳಿಯದೆ ಮಾಡಿದ ಅನ್ನುತ್ತಿದ್ದೆ. ತುಂಬಿದ ಕೊಡಕ್ಕಾಗಿ ಕಟ್ಟೆ ಮೇಲೆ ಹಟ ಹಿಡಿದು ಕೂತ ನಿನಗೆ, ಖಾಲಿ ಕೊಡ ಎದುರಾದರೆ ಈ ಊರಿನವರು ಚಪ್ಪಲಿ ಬಿಟ್ಟು ಮನೆಯೊಳಗೆ ವಾಪಸ್ ಹೋಗುತ್ತಾರೆ ಅನ್ನುವುದು ಗೊತ್ತಿರಲಿಲ್ಲವೇ? ನಾನು ಶಕುನ ನಂಬುವವಳಲ್ಲ. ಮಕ್ಕಳಿಗೆ ಅದನ್ನೆಲ್ಲ ನಂಬಬೇಡಿ ಅಂತ ಪಾಠ ಮಾಡುವವಳು. ಆದರೆ ಊರು ನಂಬುತ್ತದೆ, ಅವ್ವ ನಂಬುತ್ತಾಳೆ, ಆ ನಂಬಿಕೆಯಲ್ಲೇ ಅವಳಿಗೊಂದು ಮರ್ಯಾದೆ ಇತ್ತು.

ಉದ್ಘಾಟನೆಯ ದಿನ ಬೊಂಬೆಗೆ ಹಾರ ಹಾಕಿ, ಕುಂಕುಮ ಬಳಿದು, ಕಾಯಿ ಒಡೆದರು. ಅವ್ವ ಜನರ ಮಧ್ಯೆ ನಿಂತು, "ಇನ್ನೂ ಸತ್ತಿಲ್ಲ ಕಣ್ರಪ್ಪ, ಇಲ್ಲೇ ಇದೀನಿ" ಅಂತ ನಗಾಡಿದಳು. ಅದನ್ನೂ ನುಂಗಿಕೊಂಡಳು. ಅಷ್ಟರಲ್ಲಿ ಪಾಲಯ್ಯನ ಹಿಂಡು ಬಂತು. ಮುಂದಿದ್ದ ಕುರಿ ಬಾನಿ ಇದ್ದ ಜಾಗಕ್ಕೆ ಬಂದು ನಿಂತಿತು. ಅದು ನಿಂತದ್ದಕ್ಕೆ ಹಿಂಡೇ ನಿಂತಿತು. ಅತಿಥಿಗಳ ಕಾರು ಹಾರನ್ ಹೊಡೆಯುತ್ತಲೇ ಇತ್ತು, ಅವು ಹೊಸ ಟೈಲ್ಸು ನೆಕ್ಕುತ್ತಲೇ ಇದ್ದವು. "ಬರಗೇರವ್ವ, ಇವುಕ್ಕೆ ನಾನೇನಂತ ಹೇಳ್ಲಿ?" ಅಂತ ಪಾಲಯ್ಯ ಕೇಳಿದಾಗ ಅವ್ವ ತಲೆ ತಗ್ಗಿಸಿದಳು. ನೀನು ವೇದಿಕೆಯ ಮೇಲೆ ಶಾಲು ಹೊದ್ದುಕೊಳ್ಳುತ್ತಿದ್ದೆ.

ಆಮೇಲಿನದು ಕೇಳು. ನಿನ್ನ ತಾಯಿ ಪಾರ್ವತಮ್ಮನವರು ನಿನ್ನ ತಂಗಿ ಚೈತ್ರಾಳ ಮದುವೆಯ ವಿಷಯ ಕೇಳಲು ಹಾಲುರಾಮೇಶ್ವರಕ್ಕೆ ಹೋದರು. ಕೆಲಸ ಕೂಡಿಬರುವುದಾದರೆ ಗಂಗಮ್ಮ ಕೊಳದ ನೀರಿನಿಂದ ಪ್ರಸಾದ ತೇಲಿಸಿ ಕಳಿಸುತ್ತಾಳೆ ಅಂತ ಬಹಳ ಹೊತ್ತು ಕೈಯೊಡ್ಡಿ ಕೂತರಂತೆ. ಏನೂ ತೇಲಿ ಬರಲಿಲ್ಲ. ವಾಪಸ್ ಬಂದವರು ನೇರ ನಮ್ಮ ಬಾಗಿಲಿಗೆ ಬಂದರು. "ನಿಮ್ಮವ್ವ ಖಾಲಿ ಕೊಡ ಹಿಡ್ಕಂಡು ಎದುರಿಗೆ ನಿಂತವ್ಳಲ್ಲ, ಇನ್ನೆಲ್ಲಿಂದ ಬರ್ಬೇಕು ಪ್ರಸಾದ?" ಅಂದರು. ಅವ್ವ ಒಳಗೆ ಅಕ್ಕಿ ಆರಿಸುತ್ತಿದ್ದಳು, ಎಲ್ಲ ಕೇಳಿಸಿತು. ನನ್ನ ಮೈಯೆಲ್ಲ ಉರಿದು ಹೋಯಿತು. "ಅದನ್ನ ಮಾಡಿದೋನು ನಿಮ್ಮ ಮಗ ಅಲ್ವೇನ್ರೀ?" ಅಂತ ಕೇಳಿದೆ. "ಅವನೇನ್ ಮಾಡ್ತಾನೆ, ಸಮಿತಿಯೋರು ಹೇಳಿದಂಗೆ ಮಾಡಿದ" ಅಂದುಬಿಟ್ಟರು! ಕೊಡ ಹಿಡಿಸಿದವನ ತಪ್ಪಿಲ್ಲ, ಹಿಡಿಸಿಕೊಂಡು ನಿಂತವಳದೇ ತಪ್ಪು. ಯಾವ ಊರಿನ ನ್ಯಾಯವೋ ಇದು?

ಆಗಲೂ ಅವ್ವ ನಿನ್ನನ್ನು ಬೈಯಲಿಲ್ಲ. ನನ್ನ ತಮ್ಮ ದುರುಗೇಶನನ್ನು ಕರೆದು, "ಏಣಿ ಹಾಕ್ಕಂಡು ಹತ್ತಿ ಆ ಕೊಡಕ್ಕೆ ನೀರು ತುಂಬ್ಸಿಬಿಡಪ್ಪ. ತುಂಬಿದ ಮೇಲೆ ಯಾರೂ ಏನೂ ಅನ್ನಲ್ಲ" ಅಂದಳು. ಎಷ್ಟು ಸರಳವಾಗಿ ಯೋಚಿಸಿದ್ದಳು ನೋಡು. ಬೆಳಿಗ್ಗೆ ಸಂತೆಗೆ ಹೋಗುವ ಜನ ಎಲ್ಲ ನಿಂತು ನೋಡುತ್ತಿದ್ದರು. ಅವ್ವನೇ ಬೋರಿನಿಂದ ನೀರು ಹಿಡಿದು ಕೊಟ್ಟಳು. ದುರುಗೇಶ ಮೇಲೆ ಹತ್ತಿ ಸುರಿದ. ನೀರು ಒಳಗೆ ಇಳಿಯಲೇ ಇಲ್ಲ. ಕೊಡದ ಬಾಯಿಯ ಮೇಲಿಂದ ಜಾರಿ, ಬೊಂಬೆಯ ತೋಳು, ಸೀರೆ ಎಲ್ಲ ತೋಯಿಸಿ ರಸ್ತೆಗೆ ಹರಿಯಿತು. ಜನ ಗೊಳ್ಳನೆ ನಕ್ಕರು. ದುರುಗೇಶ ಕೈಯಿಂದ ತಡವಿ ನೋಡಿ ಕೂಗಿದ. "ಅವ್ವಾ, ಇದಕ್ಕೆ ಬಾಯೇ ಇಲ್ಲ! ಕಪ್ಪು ಬಣ್ಣ ಬಳಿದವ್ರೆ!"

ಬಾಯಿ ಮುಚ್ಚಿ ಮೇಲೆ ಕಪ್ಪು ಬಳಿದಿದ್ದೀಯ. ಖಾಲಿ ಅಂತ ಕಾಣಲಿ ಅಂತಲೇ ಬಳಿದಿದ್ದೀಯ. ಒಬ್ಬರು ಒಂದು ಚೊಂಬು ನೀರು ಹಾಕಬೇಕು ಅಂದುಕೊಂಡರೂ ಹಾಕಲಾಗದ ಹಾಗೆ ಮಾಡಿದ್ದೀಯಲ್ಲ, ನಿನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು? ಫೈಬರಿನಲ್ಲಿ ಅವ್ವನ ಮೂಗುಬೊಟ್ಟು, ಕಿವಿಯ ಓಲೆ, ಹಣೆಯ ಗೆರೆ ಎಲ್ಲ ಬಂದಿದೆ. ಅಷ್ಟು ಪ್ರೀತಿಯಿಂದ ಮುಖ ತಿದ್ದಿದ ಕೈಗೆ ಒಂದು ತೂತು ಕೊರೆಯಲು ಆಗಲಿಲ್ಲವೇ?

ಅವತ್ತಿನಿಂದ ಅವ್ವ ಕೊಡ ಎತ್ತಿಲ್ಲ. ಹಿತ್ತಿಲಲ್ಲಿ ಬೋರಲು ಹಾಕಿಟ್ಟಿದ್ದಾಳೆ. ಮೊನ್ನೆ ಬಿ.ದುರ್ಗದ ಕಡೆಯ ನೆಂಟರು ಗಂಡಿನ ಮನೆಗೆ ಹೊರಟವರು ಟೆಂಪೊದಲ್ಲಿ ನಮ್ಮ ಮನೆವರೆಗೂ ಬಂದರು. ಕೂಗುತ್ತಾರೇನೋ ಅಂತ ಅವ್ವ ಎದ್ದು ಸೆರಗು ಸರಿ ಮಾಡಿಕೊಂಡಳು. ಟೆಂಪೊ ಬೊಂಬೆಯನ್ನು ಕಂಡದ್ದೇ ರಿವರ್ಸ್ ತೆಗೆದುಕೊಂಡು ಹೊಳಲ್ಕೆರೆ ದಾರಿಗೆ ತಿರುಗಿತು. ಅವಳು ಹಾಗೇ ಬಾಗಿಲು ಹಾಕಿಕೊಂಡಳು. ಅಪ್ಪ ಸತ್ತಾಗ ಹಾಕಿಕೊಂಡ ಬಾಗಿಲನ್ನು ನೀನೇ ತೆಗೆಸಿದ್ದೆ, ಈಗ ನೀನೇ ಮತ್ತೆ ಹಾಕಿಸಿದ್ದೀಯ. ನಿನ್ನ ಕಲೆಗೆ ಬೆಂಕಿ ಬೀಳಲಿ ಅನ್ನಬೇಕು ಅನ್ನಿಸಿತು. ಅಂದೂಬಿಟ್ಟೆ. ಅವ್ವ ಬಾಯಿ ಮುಚ್ಚು ಅಂತ ಗದರಿದಳು.

ಈಗ ನೀನು ಮಾಡಬೇಕಾದ್ದು ಇಷ್ಟೇ. ಬಂದು ಆ ಕೊಡದ ಬಾಯಿ ಕೊರೆ. ನಮ್ಮ ಬೋರಿನಿಂದ ಪೈಪು ಎಳೆ, ಕರೆಂಟು ನಮ್ಮದೇ ಇರಲಿ, ಕಾಟಲಿಂಗಪ್ಪನವರಿಗೆ ಹೊರೆಯಾಗುವುದು ಬೇಡ. ಬಾನಿಯನ್ನು ತಂದು ಅದರ ಜಾಗದಲ್ಲಿ ಇಡಿಸು. ಸಮಿತಿ ಬೇಡ ಅಂದರೆ ಈ ಸಲವಾದರೂ ಬಾಯಿ ತೆರೆದು ಮಾತಾಡು. ನಾನು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ, ಜಗಳಕ್ಕೆ ನನಗೇನೂ ಬೇಸರವಿಲ್ಲ. ಆಗುವುದಿಲ್ಲ ಅಂದರೆ ಆ ಬೊಂಬೆಯಿಂದ ನಮ್ಮವ್ವನ ಮುಖವನ್ನು ನಿನ್ನ ಕೈಯಾರೆ ತೆಗೆದುಹಾಕು.

ಕೊನೆಯದೊಂದು ಮಾತು. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಉದ್ಘಾಟನೆ ಮುಗಿದ ಸಂಜೆ ನೀನು ಹೊಸ ಕೆಲಸ ಒಪ್ಪಿಕೊಳ್ಳಲು ಹೊಸದುರ್ಗಕ್ಕೆ ಹೊರಟೆಯಂತೆ. ಹೊಸದುರ್ಗಕ್ಕೆ ಹೋಗಬೇಕಾದವನು ಬೊಂಬೆಯ ಹತ್ತಿರದವರೆಗೂ ಬಂದು ಕಾರು ತಿರುಗಿಸಿ, ಹೊಳಲ್ಕೆರೆ ದಾರಿ ಹಿಡಿದು ಸುತ್ತು ಹಾಕಿಕೊಂಡು ಹೋದದ್ದನ್ನು ದುರುಗೇಶ ನೋಡಿದ್ದಾನೆ. ಅಂದರೆ ನಿನಗೆ ಎಲ್ಲ ಗೊತ್ತಿತ್ತು. ನಿನ್ನ ಕೈಯಿಂದಲೇ ನಿಲ್ಲಿಸಿದ ನಮ್ಮವ್ವನಿಗೆ ಎದುರಾಗಲು ನೀನೇ ಹೆದರಿದೆ.

ನಿನ್ನೆ ಸಿಟ್ಟು ತಡೆಯಲಾರದೆ ಅದನ್ನು ಅವ್ವನಿಗೆ ಹೇಳಿಬಿಟ್ಟೆ. ಈಗಲಾದರೂ ಬೈಯುತ್ತಾಳೆ ಅಂದುಕೊಂಡೆ. ಅವಳು, "ಅಯ್ಯೋ, ಅಷ್ಟು ದೂರ ಸುತ್ತು ಹಾಕ್ಕಂಡು ಹೋದ್ನಾ? ಒಂದು ಕೂಗು ಹಾಕಿದ್ರೆ ತುಂಬಿದ ಕೊಡ ತಗಂಡು ನಾನೇ ಎದುರಿಗೆ ಬರ್ತಿದ್ನಲ್ಲ" ಅಂದಳು.

ಅವಳ ಆಶೀರ್ವಾದ ನಿನ್ನ ಮೇಲೆ ಹಾಗೇ ಇದೆ, ಇಟ್ಟುಕೋ. ನನ್ನದು ಬಾನಿ ತುಂಬಿದ ದಿನ.

ಜಯಶೀಲಾ