ಕೊನೆಯ ಪುಟ ಮೊದಲು

ಲೈಬ್ರರಿ ಮೇಡಂ ಅವರಿಗೆ ನಮಸ್ಕಾರ.

ನೀವು ಕೊಟ್ಟ ಎರಡು ಹೊಸ ಕಾದಂಬರಿಗಳ ಬಗ್ಗೆ ಅಭಿಪ್ರಾಯ ಕೇಳಿದ್ದಿರಿ. ಪ್ರೇಮಕಥೆ ಸಪ್ಪೆ. ಆ ಹುಡುಗ ಹುಡುಗಿ ಒಂದು ಸಲ ಬಾಯಿಬಿಟ್ಟು ಮಾತಾಡಿದ್ದರೆ ಮುನ್ನೂರು ಪುಟ ಉಳಿಯುತ್ತಿತ್ತು. ಪತ್ತೇದಾರಿ ಚೆನ್ನಾಗಿದೆ, ಆದರೆ ಅರ್ಧಕ್ಕೇ ನಿಲ್ಲಿಸಿದ್ದೇನೆ.

ನಮ್ಮ ಮನೆಯವಳು ಯಾವ ಪುಸ್ತಕ ಬಂದರೂ ಮೊದಲು ಕೊನೆಯ ಪುಟ ಓದಿ, ನಾನು ಅರ್ಧಕ್ಕೆ ಬರುವಷ್ಟರಲ್ಲಿ ಅಡುಗೆಮನೆಯಿಂದಲೇ ಕೊಲೆಗಾರನ ಹೆಸರು ಕೂಗಿಬಿಡುತ್ತಿದ್ದಳು. ನಾನು ರೇಗುತ್ತಿದ್ದೆ. ಅವಳು ತೀರಿಕೊಂಡ ಮೇಲೆ ನಾನು ಹಿಡಿದ ಮೊದಲ ಪತ್ತೇದಾರಿ ಇದು. ಅರ್ಧಕ್ಕೆ ಬಂದು ಬಹಳ ಹೊತ್ತು ಕಾದೆ. ಅಡುಗೆಮನೆ ತೆಪ್ಪಗಿತ್ತು.

ಮುಂದಿನ ಸಲ ಪುಸ್ತಕ ಕೊಡುವಾಗ ಕೊಲೆಗಾರ ಯಾರು ಅಂತ ನೀವೇ ಹೇಳಿಬಿಡಿ. ನಾನು ರೇಗಿದರೆ ಬೇಜಾರು ಮಾಡಿಕೊಳ್ಳಬೇಡಿ.

ಇಂತಿ,
ಎದುರು ಅಂಗಡಿಯ ಟೈಲರ್