ಮೂರನೇ ಅಂಕಣದ ಹಳದಿ ಗುರುತು

ಗಿಣಿಗುಡ್ಡದ ಅದಿರು ಸೇತುವೆ
ಫೆಬ್ರುವರಿ ಮೂವತ್ತು, ಎರಡು ಸಾವಿರದ ನೂರ ಇಪ್ಪತ್ತನಾಲ್ಕು

ಕೀಮ್ಯಾನ್ ಹೊನ್ನೂರಸಾಬ್ ಅವರಿಗೆ,

ಸೇತುವೆಯ ಮೂರನೇ ಅಂಕಣದಲ್ಲಿ, ಎಂದರೆ ಕಂಬಗಳ ನಡುವಿನ ಮೂರನೇ ಭಾಗದಲ್ಲಿ, ನೀವು ಹಚ್ಚಿದ್ದ ಹಳದಿ ಬಣ್ಣವನ್ನು ಕೆರೆದು ತೆಗೆದವಳು ನಾನು. ಆಗ ನನಗೆ ಹದಿಮೂರು ವರ್ಷ. ಆರು ವರ್ಷ ಯಾರಿಗೂ ಹೇಳಲಿಲ್ಲ. ಹೋದ ತಿಂಗಳು ಊರಿಗೆ ಹೇಳಿದೆ. ಈಗ ನಿಮಗೆ ಹೇಳುತ್ತಿದ್ದೇನೆ.

ನನ್ನ ಹೆಸರು ಸುಂಕಮ್ಮ. ನಿಮಗೂ ನನಗೂ ನಡುವೆ ನೂರು ವರ್ಷ ಇದೆ. ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ಇನ್ನೂ ಕೆಲವು ಮಾತು ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಕಾಗದ ಕಾಲದಲ್ಲಿ ಹಿಂದಕ್ಕೆ ಹೋಗುವುದಿಲ್ಲ ಎಂಬುದು ನನಗೂ ಗೊತ್ತು.

ಈಗ ಯಾರೂ ಗುಡ್ಡ ಅಗೆಯುವುದಿಲ್ಲ. ನಿಮ್ಮ ಕಾಲದ ಕಬ್ಬಿಣವನ್ನೇ ಬಿಚ್ಚಿ, ಕರಗಿಸಿ ಬಳಸುತ್ತೇವೆ. ಅದಕ್ಕೆ ಕೊಯ್ಲು ಎನ್ನುತ್ತೇವೆ. ಗಣಿಯ ಕಚೇರಿ, ಕನ್ವೇಯರ್, ಲೋಡಿಂಗ್ ಕಟ್ಟೆ ಎಲ್ಲ ಹೀಗೆ ಕೊಯ್ಲಾದವು. ಹಳಿಗಳಂತೂ ನಿಮ್ಮ ಕಾಲದಲ್ಲೇ ಹೋದವಂತೆ. ಸೇತುವೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಏಕೆಂದರೆ ಹಳ್ಳದ ಆಚೆ ಕಣಿವೆಹಟ್ಟಿಯ ನಲವತ್ತು ಮನೆಗಳಿಗೆ ಇದೊಂದೇ ದಾರಿ. ಹಗಲು ಹನ್ನೊಂದರಿಂದ ನಾಲ್ಕರವರೆಗೆ ನಾವು ಬಿಸಿಲಿಗೆ ಬರುವಂತಿಲ್ಲ. ಆ ನೆರಳುಹೊತ್ತಿನಲ್ಲಿ ಮಕ್ಕಳೆಲ್ಲ ಶಾಲೆಯಲ್ಲಿರುತ್ತಾರೆ. ನಾನು ಹನ್ನೊಂದನೇ ವರ್ಷಕ್ಕೇ ಶಾಲೆ ಬಿಟ್ಟೆ. ಮೇಷ್ಟ್ರ ತಪ್ಪಲ್ಲ, ನನಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ನನ್ನ ನೆರಳುಹೊತ್ತೆಲ್ಲ ಸೇತುವೆಯ ಹೊಟ್ಟೆಯಡಿ ಕಳೆಯಿತು. ಅಲ್ಲಿ ಗರ್ಡರಿನ, ಎಂದರೆ ಉಕ್ಕಿನ ದೊಡ್ಡ ತೊಲೆಯ, ಕೆಳತುಟಿಯ ಮೇಲೆ ಅಂಗಾತ ಮಲಗಬಹುದು. ಪಾರಿವಾಳ, ಕಣಜದ ಗೂಡು, ಕೆಳಗಿನಿಂದ ಬರುವ ತಣ್ಣನೆ ಗಾಳಿ. ರಿವೆಟ್‌ಗಳ, ಎಂದರೆ ತೊಲೆಗಳನ್ನು ಬೆಸೆದ ಗುಂಡುತಲೆ ಮೊಳೆಗಳ, ಸಾಲನ್ನು ಎಣಿಸುತ್ತ ನಿದ್ದೆ ಹೋಗುತ್ತಿದ್ದೆ.

ಮೂರನೇ ಅಂಕಣದ ಕೆಲವು ರಿವೆಟ್‌ಗಳ ತಲೆಯ ಮೇಲೆ ಹಳದಿ ಗೆರೆಗಳಿದ್ದವು. ನಮ್ಮಲ್ಲಿ ಹಳದಿ ಬಣ್ಣ ಸಿಗುವುದಿಲ್ಲ. ನಾನು ಅವನ್ನು ಪೂಜೆಯ ಗುರುತು ಎಂದುಕೊಂಡೆ. ಒಂದು ವಾರ ಕೂತು ಚಾಕುವಿನಿಂದ ಕೆರೆದು, ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ನಮ್ಮ ಬಿಸಿಲುಬಂಡಿಯ, ಎಂದರೆ ಬಿಸಿಲಿನಿಂದ ಓಡುವ ಗಾಡಿಯ, ಹಣೆಗೆ ಸೂರ್ಯನನ್ನು ಬರೆದೆ. ಊರೆಲ್ಲ ಮೆಚ್ಚಿತು. ಬಣ್ಣ ಎಲ್ಲಿಯದೆಂದು ಕೇಳಿದವರಿಗೆ ಗುಡ್ಡದ ಮಣ್ಣು ಎಂದೆ.

ಈ ಜನವರಿಯಲ್ಲಿ ಕಣಿವೆಹಟ್ಟಿಯ ಪಂಪು ಕೆಟ್ಟಿತು. ಅಲ್ಲಿಯ ಹೆಂಗಸರು ದಿನಕ್ಕೆ ಎರಡು ಸಲ ಸೇತುವೆ ದಾಟಿ ಬಂದು ನಮ್ಮಲ್ಲಿ ನೀರು ಹೊರತೊಡಗಿದರು. ಹೊಸ ಪಂಪು ಬಂತು. ಅದರ ತೂಕಕ್ಕೆ ಹನ್ನೆರಡು ಜನ ಬಂಡಿಯನ್ನು ಸೇತುವೆಯ ಆಚೆಗೆ ನೂಕಬೇಕಿತ್ತು. ಸೇತುವೆ ಕಾಯುವ ಯರ್ರಿತಾತನಿಗೆ ಕಣ್ಣು ಕಾಣುವುದಿಲ್ಲ. ಅವನು ನನ್ನ ಅಕ್ಕ ಹಂಪಮ್ಮನನ್ನು ಕೆಳಗಿಳಿಸಿ ನೋಡಿಸಿದ. ಮಾರನೆಯ ದಿನ ಊರು ಸೇರಿದಾಗ ಅವಳನ್ನು ಕೇಳಿದ:

“ಎಲ್ಲ್ಯಾರ ಹಳದಿ ಐತೇನವ್ವಾ?”

“ಒಂದೂ ಇಲ್ಲ ತಾತಾ.”

“ಹಂಗಾರ ನಡೀರಿ. ಹಳದಿ ಇದ್ದ ಕಡೆ ಭಾರ ಹಾಕಬ್ಯಾಡ ಅಂತ ನಮ್ಮ ಮುತ್ತಾತ ಹೇಳಿ ಸತ್ತಾನ. ಇಲ್ಲಂದ್ರ ಗಟ್ಟಿ ಐತೆ.”

ಹಳದಿಗೆ ಅರ್ಥವಿದೆ ಎಂದು ನನಗೆ ತಿಳಿದದ್ದು ಆ ಕ್ಷಣ. ನೂಕುವ ಹನ್ನೆರಡು ಜನರಲ್ಲಿ ಹಂಪಮ್ಮನ ಗಂಡನೂ ಇದ್ದ. ಸುಮ್ಮನಿರಬಹುದು ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಒಂದು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ಎದ್ದು ನಿಂತು ಎಲ್ಲವನ್ನೂ ಹೇಳಿದೆ.

ಹಂಪಮ್ಮ ಮೊದಲು ಬಾಯಿ ಬಿಟ್ಟಳು. “ಗುಡ್ಡದ ಮಣ್ಣು! ಆ ಸೂರ್ಯನಿಗೆ ನಾನು ದೃಷ್ಟಿ ತೆಗೆದಿದ್ನಲ್ಲೇ, ಹಾಳಾದಕಿ!”

ಯಾರೋ ನಕ್ಕರು. ತಾತ ನಗಲಿಲ್ಲ. “ಆರು ವರ್ಷ ಬಾಯಾಗ ಕಡುಬು ಇಟ್ಕಂಡಿದ್ದೇನ್ ಬೇ?” ಎಂದ. ಕಣಿವೆಹಟ್ಟಿಯ ಒಬ್ಬಾಕೆ ಖಾಲಿ ಕೊಡ ಕೆಳಗಿಟ್ಟು, “ಬೈಯೋದು ಆಮ್ಯಾಕ ಬೈರಿ. ನಮಗ ನೀರು ಯಾವಾಗ?” ಎಂದಳು.

ಗುರುತನ್ನು ನಂಬುವುದು ನಮಗೆ ಗೊತ್ತಿತ್ತು, ಗುರುತು ಹಾಕುವುದು ಗೊತ್ತಿರಲಿಲ್ಲ.

ಬಣ್ಣದ ಚೂರಾದರೂ ಉಳಿದಿದೆಯೇ ಎಂದು ಅಂದೇ ಕೆಳಗಿಳಿದೆ. ಆರು ಮಳೆಗಾಲದ ತುಕ್ಕು ಎಲ್ಲವನ್ನೂ ಒಂದೇ ಮಾಡಿತ್ತು. ನಾನು ಯಾವತ್ತೂ ಹೋಗದಿದ್ದ ಕಡೆ, ಅಡ್ಡತೊಲೆಯ ಹಿಂದೆ, ಕಣಜದ ಗೂಡುಗಳನ್ನು ಹೊಗೆ ಹಾಕಿ ತೆಗೆದಾಗ ನಿಮ್ಮ ಬರಹ ಸಿಕ್ಕಿತು. ಬಿಳಿ ಬಣ್ಣ, ದಪ್ಪ ಅಕ್ಷರ. ಮೇಲಿಂದ ಕೆಳಗೆ ಹದಿಮೂರು ತಾರೀಖು, ಎಲ್ಲವೂ ಆಯುಧಪೂಜೆಯ ಹೊತ್ತಿನವು, ಕೊನೆಯದು ೨೦೨೪. ಮೊದಲನೆಯದರ ಪಕ್ಕದಲ್ಲಿ ‘ಗಾಡಿ ನಿಂತ ವರ್ಷ’ ಎಂದಿದೆ. ಎಂದರೆ ಗಣಿ ಮುಚ್ಚಿ, ರೈಲು ನಿಂತು, ಹಳಿ ಕಾಯುವ ಕೀಮ್ಯಾನ್ ಕೆಲಸ ಹೋದ ಮೇಲೂ ನೀವು ಪ್ರತಿ ವರ್ಷ ಈ ತೊಲೆಗಳಡಿ ತೂರಿದ್ದೀರಿ. ಕೊನೆಯ ಸಾಲು ಹೀಗಿದೆ: ‘ಮೂರನೇ ಅಂಕಣ ಒಂಬತ್ತು ಸಡಿಲ. ಮುಂದ ಬರೋರಿಗೆ: ಒಂದು ಕಡೆ ಬಟ್ಟು ಇಡು, ಇನ್ನೊಂದು ಕಡೆ ಸಣ್ಣ ಸುತ್ತಿಗಿ ಬಡಿ. ಸಡಿಲಿದ್ರ ಬಟ್ಟಿಗೆ ತಿಳಿತೈತಿ. ಕೀಮ್ಯಾನ್ ಹೊನ್ನೂರಸಾಬ್.’

ನಾನೂ ಹಂಪಮ್ಮನೂ ಒಂಬತ್ತು ದಿನ ಅದನ್ನೇ ಮಾಡಿದೆವು. ಅವಳು ಬಡಿಯುತ್ತಿದ್ದಳು, ನಾನು ಆ ಬದಿಯ ತಲೆಗೆ ಬೆರಳಿಟ್ಟುಕೊಂಡಿರುತ್ತಿದ್ದೆ. ಗಟ್ಟಿ ರಿವೆಟ್ ಬಂಡೆಯ ಹಾಗೆ ಸುಮ್ಮನಿರುತ್ತದೆ. ಮೊದಲ ಸಡಿಲ ರಿವೆಟ್ ಬೆರಳಡಿ ಹಲ್ಲಿಯ ಎದೆಯಂತೆ ಮಿಡಿದಾಗ ನಾನು ಕಿರುಚಿದೆ. ಹಂಪಮ್ಮ ಸುತ್ತಿಗೆಯನ್ನು ಹಳ್ಳಕ್ಕೆ ಬೀಳಿಸಿ, ಇಳಿದು ಹೋಗಿ ತರುವ ತನಕ ನನ್ನ ವಂಶವನ್ನೆಲ್ಲ ಬೈದಳು, ಅದು ತನ್ನ ವಂಶವೂ ಹೌದೆಂಬುದನ್ನು ಮರೆತು. ಮೂರನೇ ಅಂಕಣದಲ್ಲಿ ಹದಿನಾಲ್ಕು ಸಿಕ್ಕವು. ನಿಮ್ಮ ಒಂಬತ್ತು ಯಾವುವು, ಹೊಸ ಐದು ಯಾವುವು ಎಂದು ನಾನು ಹೇಳಲಾರೆ. ಹದಿನಾಲ್ಕನ್ನೂ ಕೊರೆದು ತೆಗೆದು ಬೋಲ್ಟ್ ಹಾಕಿದೆವು.

ಪಂಪು ದಾಟಿತು. ಬಂಡಿ ಮೂರನೇ ಅಂಕಣಕ್ಕೆ ಬಂದಾಗ ನಾನು ಕೆಳಗೆ ಬೆರಳಿಟ್ಟು ಮಲಗಿದ್ದೆ. ತೊಲೆ ಸ್ವಲ್ಪ ಬಾಗಿತು, ಮತ್ತೆ ಎದ್ದಿತು. ಬೆರಳಿಗೆ ಏನೂ ಮಿಡಿಯಲಿಲ್ಲ. ಸಂಜೆ ಆಚೆಯವರು ಒಂದು ಕೊಡ ನೀರು ಕಳಿಸಿದರು, ಸುಮ್ಮನೆ, ರುಚಿ ನೋಡಲಿ ಎಂದು. ಸ್ವಲ್ಪ ತುಕ್ಕಿನ ವಾಸನೆ ಇತ್ತು. ಇಷ್ಟು ಒಳ್ಳೆಯ ನೀರನ್ನು ನಾನು ಕುಡಿದಿಲ್ಲ. ಅದರ ಮೊದಲ ಲೋಟ ನಿಮ್ಮದು.

ಒಂದು ಕೋರಿಕೆ. ಗಾಡಿ ಬಾರದ ಸೇತುವೆಯನ್ನು ಬಡಿಯುತ್ತ ಕೂತಿದ್ದಾನೆ ಎಂದು ನಿಮ್ಮೂರಿನವರು ನಗುತ್ತಿರಬಹುದು. ಮನೆಯವರೂ ಬೈಯುತ್ತಿರಬಹುದು. ನಿಮಗೇ ಈ ವರ್ಷ ಸಾಕೆನಿಸಿರಬಹುದು. ಆದರೂ ತೊಲೆ ಹತ್ತಿ, ಹೊನ್ನೂರಸಾಬ್. ನೀವು ಹತ್ತಿದ್ದರಿಂದ ಹನ್ನೆರಡು ಜನ ಆ ಸಂಜೆ ಮನೆಗೆ ಹೋಗಿ ಉಂಡರು.

ಇದೇ ಅದಿರು ದಾರಿಯಲ್ಲಿ ಕೆಳಗೆ ಇನ್ನೂ ನಾಲ್ಕು ಸೇತುವೆಗಳಿವೆಯಂತೆ. ಅಲ್ಲಿಯವರಿಗೂ ಬೆರಳಿಡುವುದು ಮರೆತುಹೋಗಿದೆ. ಕಲಿಸಿಕೊಡಲು ಬಾ ಎಂದು ಹೇಳಿ ಕಳಿಸಿದ್ದಾರೆ. ಹಂಪಮ್ಮ ಬರುವುದಿಲ್ಲ, ಅವಳಿಗೆ ಮನೆಯಿದೆ. ನಾನು ನಾಳೆ ಬೆಳಿಗ್ಗೆ ಹೊರಡುತ್ತೇನೆ.

ಸುಂಕಮ್ಮ